ಅಮ್ಮನ ಫೋನಿನ ಕೀಲಿಕೈ

ಮೊಬೈಲಿನ ತಲೆಯ ಮೇಲೆ, ಗಂಟೆ ತೋರಿಸುವ ಜಾಗದ ಪಕ್ಕದಲ್ಲಿ, ಎಷ್ಟೊಂದು ಚಿಹ್ನೆಗಳಿರುತ್ತವೆ! ಬ್ಯಾಟರಿ ಮತ್ತು ಸಿಗ್ನಲ್ ಕಡ್ಡಿಗಳನ್ನು ಬಿಟ್ಟರೆ ಉಳಿದವುಗಳ ಕಡೆ ನಾವು ಕಣ್ಣು ಹಾಯಿಸುವುದೂ ಇಲ್ಲ. ಅಮ್ಮನ ಫೋನಿನಲ್ಲಿ ಅಲ್ಲೊಂದು ಪುಟ್ಟ ಕೀಲಿಕೈ ಇತ್ತು. ಎಷ್ಟು ದಿನದಿಂದ ಇತ್ತೆಂದು ಕೇಳಿದರೆ, "ಫೋನು ಬಂದಾಗಿಂದ ಉಂಟು" ಎಂದಳು. ಫೋನು ಭದ್ರವಾಗಿದೆ, ಬೀಗ ಹಾಕಿದೆ ಎನ್ನುವುದಕ್ಕೆ ಆ ಗುರುತು ಎಂದು ಅವಳ ಲೆಕ್ಕ. ಪೂರ್ತಿ ತಪ್ಪು ಲೆಕ್ಕವೂ ಅಲ್ಲ.

ಕೀಲಿಕೈಯಿಂದ ಆಗುತ್ತಿದ್ದ ತೊಂದರೆಗಳಿಗೆ ಅವಳು ಬೇರೆ ಬೇರೆ ಕಾರಣ ಹುಡುಕಿಕೊಂಡಿದ್ದಳು. ಬ್ಯಾಂಕಿನ ಆ್ಯಪ್ ತೆರೆದರೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಎಚ್ಚರಿಕೆ ಬಂದು ತಾನೇ ಮುಚ್ಚಿಕೊಳ್ಳುತ್ತಿತ್ತು. ಅದು "ಹಾಳಾದ ಆ್ಯಪ್". ಅಣ್ಣ ಕಳಿಸಿದ ದುಡ್ಡು ಬಂತೋ ಇಲ್ಲವೋ ನೋಡಲು ತಿಂಗಳಿಗೊಮ್ಮೆ ರಿಕ್ಷಾ ಹಿಡಿದು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರುತ್ತಿದ್ದಳು. ಯಕ್ಷಗಾನದ ವಿಡಿಯೋ ನೋಡುವಾಗ ನಡುವೆ ಬರುವ ಜಾಹೀರಾತು ಯಾವುದೋ ಅರ್ಥವಾಗದ ಭಾಷೆಯಲ್ಲಿರುತ್ತಿತ್ತು. "ತಮಿಳಲ್ಲ, ಮಲಯಾಳವೂ ಅಲ್ಲ. ಗಂಟಲಲ್ಲಿ ಎಂತದೋ ಸಿಕ್ಕಿಕೊಂಡ ಹಾಗೆ ಮಾತಾಡ್ತಾರೆ" ಎಂದಳು. ರಜೆಗೆ ಊರಿಗೆ ಹೋದ ನಾನು ನೋಡಿದರೆ ಅದು ಡಚ್. ಉಡುಪಿಯ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕೂತ ಅಮ್ಮ, ಇಂಟರ್ನೆಟ್ಟಿನ ಲೆಕ್ಕದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿದ್ದಳು.

ವಿಪಿಎನ್ ಮಾಡುವ ಕೆಲಸವೇ ಅದು. ನಾವು ಬರೆದ ಕಾಗದವನ್ನು ಇನ್ನೊಂದು ಲಕೋಟೆಯೊಳಗಿಟ್ಟು ದೂರದ ಊರಿನ ಪರಿಚಯದವರಿಗೆ ಕಳಿಸಿ, ಅವರು ಅದನ್ನು ಬಿಚ್ಚಿ ತಮ್ಮೂರಿನ ಅಂಚೆ ಡಬ್ಬಿಗೆ ಹಾಕಿದಂತೆ. ಕಾಗದ ಮುಟ್ಟಿದವನಿಗೆ ಕಾಣುವುದು ಆ ಊರಿನ ಮೊಹರು. ನಮ್ಮೂರಿನ ಅಂಚೆಯವನಿಗೆ ಕಾಗದ ನಿಜವಾಗಿ ಯಾರಿಗೆ ಹೋಗುತ್ತಿದೆ ಎಂದು ಗೊತ್ತಾಗುವುದಿಲ್ಲ. ಮೊಹರನ್ನು ನಂಬದ ಬ್ಯಾಂಕಿನ ಆ್ಯಪ್, ಮೊದಲು ವಿಪಿಎನ್ ಆರಿಸಿ ಬನ್ನಿ ಎನ್ನುತ್ತದೆ.

ಆರಿಸಲು ಹೊರಟರೆ ಅದು ಆರಲೇ ಇಲ್ಲ. ಆ್ಯಪ್ ತೆರೆದು ದೊಡ್ಡ ಗುಂಡಿ ಒತ್ತಿದೆ. ಕೀಲಿಕೈ ಮಾಯವಾಯಿತು. ಅಮ್ಮನಿಗೆ ತೋರಿಸೋಣ ಎಂದು ಫೋನು ತಿರುಗಿಸುವಷ್ಟರಲ್ಲಿ ಮತ್ತೆ ಪ್ರತ್ಯಕ್ಷ. ಫೋನನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿದೆ, ನನಗಿಂತ ಮೊದಲು ಅದೇ ಎದ್ದು ಕೂತಿತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪನ್ನೇ ಬಲವಂತವಾಗಿ ನಿಲ್ಲಿಸಿದರೆ ಇಂಟರ್ನೆಟ್ಟೇ ನಿಂತುಹೋಯಿತು. ವೈಫೈ ಕಡ್ಡಿಗಳು ತುಂಬಿವೆ, ಒಂದು ಪುಟವೂ ತೆರೆಯುವುದಿಲ್ಲ. ಈ ಲಕ್ಷಣ ಕಂಡಾಗ ಇದು ಆ್ಯಪಿನ ಹಟವಲ್ಲ, ಫೋನಿಗೇ ಯಾರೋ ಹೀಗೆ ಮಾಡು ಎಂದು ಹೇಳಿಟ್ಟಿದ್ದಾರೆ ಎನ್ನಿಸಿತು. ಆಂಡ್ರಾಯ್ಡ್‌ನಲ್ಲಿ 'ಆಲ್ವೇಸ್ ಆನ್ ವಿಪಿಎನ್' ಎಂಬ ಸೌಲಭ್ಯವಿದೆ. ಅದನ್ನು ಹಾಕಿದರೆ ವಿಪಿಎನ್ ಬಿದ್ದಾಗಲೆಲ್ಲ ಫೋನೇ ಎತ್ತಿ ನಿಲ್ಲಿಸುತ್ತದೆ. ಅದರ ಕೆಳಗೇ ಇನ್ನೊಂದು: ವಿಪಿಎನ್ ಇಲ್ಲದಿದ್ದರೆ ಯಾವ ಸಂಪರ್ಕವನ್ನೂ ಬಿಡಬೇಡ ಎನ್ನುವುದು. ಎರಡನ್ನೂ ಹಾಕಿಟ್ಟರೆ ಆ್ಯಪಿನೊಳಗಿನ ಆಫ್ ಗುಂಡಿ ಬರೀ ಅಲಂಕಾರ.

ಎಲ್ಲ ಕೀಲಿಕೈಯೂ ಹೊರದೇಶಕ್ಕೆ ಹೋಗುವುದಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಜಾಹೀರಾತು ತಡೆಯುವ ಕೆಲವು ಆ್ಯಪ್‌ಗಳು, ಮಕ್ಕಳ ಫೋನಿಗೆ ಹಾಕುವ ಕಾವಲು ಆ್ಯಪ್‌ಗಳು ಕೂಡ ಫೋನಿನೊಳಗೇ ಒಂದು ವಿಪಿಎನ್ ಕಟ್ಟಿಕೊಂಡು ಅದೇ ಚಿಹ್ನೆ ತೋರಿಸುತ್ತವೆ. ಹಾಗಾಗಿ ಕಂಡ ಕೂಡಲೇ ಗಾಬರಿ ಬೇಡ. ಯಾವ ಆ್ಯಪಿನದ್ದೆಂದು ಮೊದಲು ನೋಡಬೇಕು.

ಆ್ಯಪನ್ನೇ ಕಿತ್ತುಹಾಕಿದರೆ ಕೆಲಸ ಅರ್ಧ ನಿಮಿಷದ್ದು. "ತೆಗೆದುಬಿಡ್ತೇನೆ ಅಮ್ಮ" ಎಂದೆ. ಅವಳು ನನ್ನ ಕೈಯಿಂದ ಫೋನನ್ನು ಕಿತ್ತುಕೊಂಡಳು. ಮೆಲ್ಲಗೆ ತೆಗೆದುಕೊಂಡದ್ದಲ್ಲ, ಕಿತ್ತುಕೊಂಡದ್ದೇ.

"ಅದನ್ನು ಮುಟ್ಟಬೇಡ. ಅಣ್ಣ ಹಾಕಿದ್ದು. ಅದು ಹೋದರೆ ಅವನ ಫೋನ್ ಬರುದಿಲ್ಲ."

ಅಣ್ಣ ಇರುವುದು ಶಾರ್ಜಾದಲ್ಲಿ. ಗಲ್ಫಿನಲ್ಲಿ ಮಕ್ಕಳಿರುವ ನಮ್ಮ ಕರಾವಳಿಯ ಮನೆಗಳಿಗೆ ಈ ಕಥೆ ಹೊಸದಲ್ಲ. ಯುಎಇಯಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರೆಯಬಹುದು, ಫೋಟೋ ಕಳಿಸಬಹುದು, ಆದರೆ ಕರೆ ಹೋಗುವುದಿಲ್ಲ. ಇಂಟರ್ನೆಟ್ ಕರೆಗೆ ಅಲ್ಲಿ ಪರವಾನಗಿ ಬೇಕು, ಬೋಟಿಮ್‌ನಂಥ ಕೆಲವಕ್ಕೆ ಮಾತ್ರ ಅದಿದೆ. ಹಾಗಾಗಿ ಅಲ್ಲಿಗೆ ಹೋದ ಹುಡುಗರು ರೂಮಿನವರಿಂದ ಬೇಗ ಕಲಿಯುವ ವಿದ್ಯೆಗಳಲ್ಲಿ ವಿಪಿಎನ್ ಒಂದು. ಅಪಾಯದ ವಿದ್ಯೆಯೇ. ವಿಪಿಎನ್ ಇಟ್ಟುಕೊಳ್ಳುವುದೇ ಅಲ್ಲಿ ಅಪರಾಧವಲ್ಲ, ಆದರೆ ಅಪರಾಧ ಮಾಡಲೆಂದೋ ಮುಚ್ಚಲೆಂದೋ ಅದನ್ನು ಬಳಸಿದರೆ ದಂಡ 5 ಲಕ್ಷದಿಂದ 20 ಲಕ್ಷ ದಿರಹಂವರೆಗೆ. ಅಣ್ಣನ ಜೀವಮಾನದ ಸಂಬಳವನ್ನು ಕೂಡಿಸಿ ನೋಡಿಕೊಳ್ಳಬೇಕಾದ ಮೊತ್ತ ಅದು.

ಅಮ್ಮನ ಕೈಯಲ್ಲಿರುವುದು ಅಣ್ಣ ಅಲ್ಲಿ ಬಳಸುತ್ತಿದ್ದ ಹಳೆಯ ಫೋನು. ಊರಿಗೆ ಬಂದವನು ಬಿಟ್ಟುಹೋಗಿದ್ದ. ರಾತ್ರಿ ಹತ್ತೂವರೆಗೆ, ಅವನಲ್ಲಿ ಒಂಬತ್ತು, ನನ್ನ ಫೋನಿಂದ ಸಾದಾ ಕರೆ ಮಾಡಿದೆ.

"ಆಲ್ವೇಸ್ ಆನ್ ಎಂತಕ್ಕೆ ಹಾಕಿದ್ದು ಮಾರಾಯ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ಅಪ್ಪನ ಸಮಯದಲ್ಲಿ ಹಾಕಿದ್ದು" ಎಂದ.

ಅಪ್ಪ ಹೋದದ್ದು 2021ರ ಮೇ ತಿಂಗಳಲ್ಲಿ. ಏಪ್ರಿಲ್ 24ರ ರಾತ್ರಿಯಿಂದ ಯುಎಇ ಭಾರತದಿಂದ ಬರುವವರಿಗೆ ಬಾಗಿಲು ಹಾಕಿತ್ತು. ಅಣ್ಣ ಇಲ್ಲಿಗೆ ಬರಬಹುದಿತ್ತು, ಬಂದರೆ ಮರಳುವುದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಕೆಲಸ ಹೋಗುತ್ತಿತ್ತು. ಮನೆ ಸಾಲದ ಕಂತು ಅವನ ಕೆಲಸದ ಮೇಲೆ ನಿಂತಿತ್ತು. ಬರಬೇಡ ಎಂದು ಹೇಳಿದ್ದು ಅಮ್ಮನೇ. ಪಾರ್ಶ್ವವಾಯುವಾಗಿ ಮಲಗಿದ್ದ ಅಪ್ಪನ ಎದುರು ನಾನು ದಿನವೂ ಸಂಜೆ ಫೋನು ಹಿಡಿಯುತ್ತಿದ್ದೆ. ಅಪ್ಪನಿಗೆ ಮಾತು ಹೊರಡುತ್ತಿರಲಿಲ್ಲ, ಅಣ್ಣನ ಮುಖ ಕಂಡರೆ ಎಡಗೈ ಬೆರಳು ಮಾತ್ರ ಸ್ವಲ್ಪ ಅಲುಗುತ್ತಿದ್ದವು. ಹತ್ತು ನಿಮಿಷಕ್ಕೊಮ್ಮೆ ಕರೆ ಕಡಿಯುತ್ತಿತ್ತು. ನಮ್ಮೂರಿನ ನೆಟ್‌ವರ್ಕನ್ನು ನಾನು ಬೈದುಕೊಳ್ಳುತ್ತಿದ್ದೆ. ಬೀಳುತ್ತಿದ್ದದ್ದು ಅವನ ಬಿಟ್ಟಿ ವಿಪಿಎನ್ ಎಂದು ನನಗೆ ತಿಳಿದದ್ದೇ ಈಗ.

"ಕಡೇ ದಿನ ಬೆಳಿಗ್ಗೆ ನೀನು ಫೋನ್ ಮಾಡಿ ಹೇಳಿದೆಯಲ್ಲ, ಇನ್ನು ಹೊರಡಿಸ್ತಾರೆ ಅಂತ. ನಡುವೆ ಕಟ್ಟಾದರೆ ಎಂತ ಮಾಡುದು ಅಂತ ಹೆದರಿಕೆ ಆಯ್ತು. ರೂಮಿನವ ಒಬ್ಬ ಸೆಟ್ಟಿಂಗಿಗೆ ಹೋಗಿ ಎರಡೂ ಹಾಕಿಕೊಟ್ಟ. ಮತ್ತೆ ನಾನು ಅದನ್ನು ನೋಡಲೇ ಇಲ್ಲ."

ಆ ಬೆಳಿಗ್ಗೆ ಕರೆ ಒಮ್ಮೆಯೂ ಕಡಿಯಲಿಲ್ಲ. ಅದು ಆ ಸೆಟ್ಟಿಂಗಿನ ಗುಣವೋ ಅದೃಷ್ಟವೋ ಹೇಳಲಾರೆ. ತುಳಸಿಕಟ್ಟೆಯ ಹತ್ತಿರ ಅಪ್ಪನನ್ನು ಮಲಗಿಸಿದ್ದರಿಂದ ಹಿಡಿದು ಗೇಟು ದಾಟುವವರೆಗೆ ಅಣ್ಣ ನೋಡಿದ.

ಇದನ್ನೆಲ್ಲ ಕೇಳಿದ ಮೇಲೂ ಕೀಲಿಕೈ ಇರಲಿ ಎನ್ನಲು ನನ್ನಿಂದಾಗಲಿಲ್ಲ. ಲಕೋಟೆಯ ಮಾತಿಗೇ ಮರಳಿದರೆ, ನಮ್ಮೂರಿನ ಅಂಚೆಯವನ ಕಣ್ಣು ತಪ್ಪಿಸಿದ ಕಾಗದ ದೂರದ ಪರಿಚಯದವರ ಕೈಗೆ ಹೋಗುತ್ತದಲ್ಲ, ಅವರು ಯಾರು? ಹೆಸರು ಕೇಳಿರದ ಕಂಪನಿ, ದುಡ್ಡೂ ಕೇಳುವುದಿಲ್ಲ. ಫೇಸ್‌ಬುಕ್ ಕಂಪನಿಯದ್ದೇ ಓನಾವೊ ಎಂಬ ಬಿಟ್ಟಿ ವಿಪಿಎನ್ ಇತ್ತು. ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆಂದು ಅದರಿಂದ ಮಾಹಿತಿ ಸಂಗ್ರಹಿಸುತ್ತಿದ್ದದ್ದು ದೊಡ್ಡ ಸುದ್ದಿಯಾಗಿ 2018ರಲ್ಲಿ ಆ್ಯಪಲ್ ಅಂಗಡಿಯಿಂದ ಅದನ್ನು ತೆಗೆಯಬೇಕಾಯಿತು. ಹೆಸರಿರುವವರೇ ಹೀಗೆ. ಅಮ್ಮ ಯಾವ ಯಕ್ಷಗಾನ ನೋಡಿದಳೆಂದು ಯಾರಿಗಾದರೂ ಗೊತ್ತಾದರೆ ಆಗಲಿ. ಆದರೆ ಅವಳ ಇಂಟರ್ನೆಟ್ಟೆಲ್ಲ ಹಗಲೂ ರಾತ್ರಿ ಗುರುತಿಲ್ಲದವರ ಮನೆಯ ಮೂಲಕ ಹಾದುಹೋಗುವುದು ಯಾಕೆ? ಅವಳ ಕಡೆ ಅದು ಎಂದೂ ಬೇಕಿರಲಿಲ್ಲ. ತಡೆ ಇದ್ದದ್ದು ಅಲ್ಲಿ, ಇಲ್ಲಲ್ಲ. ಅಣ್ಣನೂ ಈಗ ಮಾತಾಡುವುದು ಬೋಟಿಮ್‌ನಲ್ಲೇ.

ಇದನ್ನು ನಾನು ಹೇಳಿದರೆ ಅಮ್ಮ ನಂಬಲಿಲ್ಲ. ಅಣ್ಣನ ಬಾಯಿಂದಲೇ ಹೇಳಿಸಬೇಕಾಯಿತು. ಆಮೇಲೆ ಫೋನು ಕೊಟ್ಟಳು. ಸೆಟ್ಟಿಂಗ್ಸ್, ನೆಟ್‌ವರ್ಕ್, ವಿಪಿಎನ್, ಹೆಸರಿನ ಪಕ್ಕದ ಹಲ್ಲುಚಕ್ರದ ಗುರುತು. ಕೆಲವು ಕಂಪನಿಯ ಫೋನಿನಲ್ಲಿ ಇದು 'ಕನೆಕ್ಷನ್ಸ್' ಒಳಗೆ ಅಡಗಿರುತ್ತದೆ. ಮೊದಲು ಕೆಳಗಿನ ತಡೆ ತೆಗೆದೆ, ಮತ್ತೆ ಮೇಲಿನದು, ಕಡೆಗೆ ಆ್ಯಪಿನ ದೊಡ್ಡ ಗುಂಡಿ. ಕೀಲಿಕೈ ಹೋಯಿತು. ನಾವಿಬ್ಬರೂ ಸ್ವಲ್ಪ ಹೊತ್ತು ಆ ಜಾಗವನ್ನೇ ನೋಡುತ್ತ ಕೂತೆವು. ಮರಳಿ ಬರಲಿಲ್ಲ. ಬ್ಯಾಂಕಿನ ಆ್ಯಪ್ ತಕರಾರಿಲ್ಲದೆ ತೆರೆದುಕೊಂಡಿತು, ದುಡ್ಡು ನಾಲ್ಕು ದಿನದ ಹಿಂದೆಯೇ ಬಂದು ಕೂತಿತ್ತು. ಅಮ್ಮ ಅದರ ಕಡೆ ಸರಿಯಾಗಿ ನೋಡಲೂ ಇಲ್ಲ.

"ಆ್ಯಪ್ ತೆಗೆಯಬೇಡ. ಆಫ್ ಆದರೆ ಸಾಕಲ್ಲ, ಅದರಷ್ಟಕ್ಕೆ ಇರಲಿ" ಎಂದಳು. ಇರಲಿ ಎಂದೆ. "ಈಗ ಅವನಿಗೆ ಮಾಡು."

ಎರಡೇ ರಿಂಗಿಗೆ ಅಣ್ಣ ಎತ್ತಿದ. ಅಮ್ಮ ಫೋನನ್ನು ಮುಖದ ತೀರ ಹತ್ತಿರ ಹಿಡಿದು, "ಕೇಳ್ತದಾ? ಕಾಣ್ತದಾ?" ಎಂದು ಎರಡು ಸಲ ಕೇಳಿದಳು. ಕಾಣ್ತದೆ ಎಂದ ಮೇಲೆ ಊಟಕ್ಕೆ ಎಂತ ಮಾಡಿದೆ ಎಂದು ಕೇಳಿದಳು.