ಕೆಂಧೂಳಿನ ದಾರಿಯಲ್ಲಿ ಎಂಜಿನ್ನಿನ ಉಸಿರು

ಸಂಡೂರು ತಾಲ್ಲೂಕಿನ ಬಂಡ್ರಿಯ ಕಡೆಗೆ ಹೊರಟವರನ್ನು ಅದಿರು ಸೀಮೆಯ ಕೆಂಧೂಳು ದಾರಿಯಲ್ಲೇ ಎದುರುಗೊಳ್ಳುತ್ತದೆ. ಹಳೆಯ ಪಿಕಪ್ ಗಾಡಿಗಳ ಎಂಜಿನ್ನೂ ಇದೇ ಗಾಳಿಯನ್ನು ಉಸಿರಾಡಬೇಕು. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡರೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ. ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ.

ಗಾಳಿ ಹೆಚ್ಚಲೆಂದು ಫಿಲ್ಟರನ್ನೇ ತೆಗೆದರೆ ಗಡಸು ಹೆಮಟೈಟ್ ಕಣಗಳು ಒಳಹೊಕ್ಕು ಸಿಲಿಂಡರನ್ನು ಸವೆಸುತ್ತವೆ. ಸೈಲೆನ್ಸರ್ ಕಿತ್ತರೆ ಹೆಚ್ಚುವುದು ಶಕ್ತಿಗಿಂತ ಸದ್ದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಸೈಲೆನ್ಸರ್ ಕಡ್ಡಾಯ. ಹೊಸ ಫಿಲ್ಟರ್, ಸೋರದ ಕೊಳವೆ, ಮಸಿ ಕಟ್ಟದ ಸೈಲೆನ್ಸರ್: ಹಳೆಯ ಎಂಜಿನ್ನಿಗೆ ಇವೇ ನಿಜವಾದ ಸುಧಾರಣೆ. ಗಾಡಿ ಬಿಟ್ಟ ಹೊಗೆ, ರಸ್ತೆಯಂಚಿನಲ್ಲಿ ಶಾಲೆಗೆ ನಡೆಯುವ ಮಕ್ಕಳ ಉಸಿರಿಗೂ ಸೇರುತ್ತದಲ್ಲವೇ?