ಜಂಕ್ ಅಂದ್ರೆ ಗುಜರಿ ಅಲ್ಲ

ಹಾಯಿ ಕನಸು – ಭಾಗ 4

ಫೋಟೋದಲ್ಲಿರೋದು ನನ್ನ ಕಾಸ್ಟ್ ಅಕೌಂಟಿಂಗ್ ನೋಟ್ಸ್‌ನ ಕೊನೇ ಪುಟ. ಬೀಸಣಿಗೆ ಥರ ಕಾಣೋದು ಬೀಸಣಿಗೆ ಅಲ್ಲ, ಹಾಯಿ. ದೋಣಿಯ ಹೆಸರು ಜೆಸ್ಟರ್. ಉದ್ದ ಬರೀ 25 ಅಡಿ, ನಮ್ಮ ಸಿಟಿ ಬಸ್ಸಿಗಿಂತ ಚಿಕ್ಕದು.

ಇದಕ್ಕಿದ್ದದ್ದು ಜಂಕ್ ಹಾಯಿ. ಗುಜರಿ ಅಂತ ನಗಬೇಡಿ, ಜಂಕ್ ಅಂದ್ರೆ ಚೀನಾದ ಹಳೇ ಕಾಲದ ಹಡಗು. ಮಾಮೂಲಿ ಹಾಯಿದೋಣಿಯಲ್ಲಿ ಬಿರುಗಾಳಿ ಎದ್ದರೆ, ಹಾಯಿ ಕಿರಿದು ಮಾಡೋಕೆ ನೀರು ನುಗ್ಗುತ್ತಿರೋ ಡೆಕ್ ಮೇಲೆ ತೆವಳಿಕೊಂಡು ಹೋಗಬೇಕು. ಜಂಕ್ ಹಾಯಿಗೆ ಅಡ್ಡಡ್ಡ ಪಟ್ಟಿಗಳಿರುತ್ತವೆ. ಒಂದು ಹಗ್ಗ ಸಡಿಲ ಬಿಟ್ರೆ ಸಾಕು, ಪಟ್ಟಿಗಳ ಭಾರಕ್ಕೇ ಹಾಯಿ ಒಂದೊಂದೇ ಮಡಿಕೆಯಾಗಿ ಕೆಳಗೆ ಕೂರುತ್ತೆ. ಗಾಳಿಗೆ ಎದುರು ಹೋಗುವಾಗ ಸ್ವಲ್ಪ ನಿಧಾನ, ಅದೂ ನಿಜ.

ಜೆಸ್ಟರ್‌ಗೆ ಈ ಹಾಯಿ ಹಾಕಿದವರು ಬ್ಲಾಂಡಿ ಹ್ಯಾಸ್ಲರ್, ಬ್ರಿಟನ್ನಿನ ನಿವೃತ್ತ ಸೇನಾಧಿಕಾರಿ. ಡೆಕ್ ಪೂರ್ತಿ ಮುಚ್ಚಿ ನಡುವೆ ಒಂದು ಕಿಂಡಿ ಬಿಟ್ಟರು. ಅದರಲ್ಲಿ ನಿಂತೇ ಎಲ್ಲಾ ಹಗ್ಗ ಎಳೀತಿದ್ರು. 1960ರಲ್ಲಿ ಒಬ್ಬಂಟಿಯಾಗಿ ಅಟ್ಲಾಂಟಿಕ್ ದಾಟೋ ಮೊದಲ ರೇಸ್ ನಡೀತು, ಇಂಗ್ಲೆಂಡಿನ ಪ್ಲಿಮತ್‌ನಿಂದ ನ್ಯೂಯಾರ್ಕ್‌ಗೆ. ಇದ್ದದ್ದೇ ಐದು ಜನ. ಫ್ರಾನ್ಸಿಸ್ ಚಿಚೆಸ್ಟರ್ 40 ದಿನದಲ್ಲಿ ಗೆದ್ದರು, ಹ್ಯಾಸ್ಲರ್ 48 ದಿನಕ್ಕೆ ಎರಡನೆಯವರಾಗಿ ಬಂದರು.

ಆದ್ರೆ ನಾನು ಮತ್ತೆ ಮತ್ತೆ ಓದೋದು ಆಮೇಲಿನ ಕಥೆ. 1964ರಲ್ಲಿ ಜೆಸ್ಟರ್ ಮೈಕ್ ರಿಚಿ ಅನ್ನೋರ ಕೈಗೆ ಬಂತು. ಅದೇ ರೇಸಿಗೆ ಅದೇ ದೋಣಿ, ವರ್ಷಗಟ್ಟಲೆ. 1988ರಲ್ಲಿ, 70 ದಾಟಿದ ವಯಸ್ಸಲ್ಲಿ, ಅಟ್ಲಾಂಟಿಕ್‌ನಲ್ಲಿ ದೋಣಿ ಬಿಟ್ಟು ಹಡಗು ಹತ್ತಬೇಕಾಯ್ತು. ಜೆಸ್ಟರ್ ಸಮುದ್ರದ ಪಾಲಾಯ್ತು. ಅಷ್ಟು ಒಳ್ಳೇ ಹಾಯಿ, ಅಷ್ಟು ವರ್ಷದ ಅನುಭವ, ಎರಡೂ ಇದ್ದೂ! 1992ರಲ್ಲಿ ಅದರ ಪಡಿಯಚ್ಚು ಇನ್ನೊಂದು ಕಟ್ಟಿದರು. ರಿಚಿ ಅದರಲ್ಲೂ ಹೋದರು.

ಈಗ ಒಂದು ನಿಜ ಹೇಳ್ತೀನಿ. ನನಗೆ ಈಜು ಬರಲ್ಲ. ಎಂಟನೇ ಕ್ಲಾಸಲ್ಲಿ ಮಾವನ ತೋಟದ ಬಾವಿಯಲ್ಲಿ ಮುಳುಗಿ ಎದ್ದೆ. ಅವತ್ತಿಂದ ಮೊಣಕಾಲುದ್ದ ನೀರಿಗೂ ಇಳಿದಿಲ್ಲ. ಗೋಕರ್ಣ ಟ್ರಿಪ್‌ನಲ್ಲಿ ನೀವೆಲ್ಲಾ ಅಲೆಗೆ ಹಾರಿದಾಗ ನಿಮ್ಮ ಚಪ್ಪಲಿ ಕಾಯ್ತಾ ಕೂತಿದ್ನಲ್ಲ, ಜ್ವರ ಅಂದಿದ್ದೆ. ಜ್ವರ ಇರಲಿಲ್ಲ. ಹೆದರಿಕೆ.

ಸಾಗರ ದಾಟೋ ಕನಸಿನ ಬಗ್ಗೆ ಮೂರು ಭಾಗ ಬರೆದೆ, ಇದೊಂದು ಮಾತು ಮುಚ್ಚಿಟ್ಟು. ನೀವು ಹಾಕಿದ ಹಾರ್ಟ್ ನೋಡಿದಾಗೆಲ್ಲ ಒಳಗೆ ಚುಚ್ಚುತ್ತಿತ್ತು.

ಕಳೆದ ಸೋಮವಾರ ಈಜುಕೊಳಕ್ಕೆ ಸೇರಿದೆ. ಬೆಳಗ್ಗೆ 6ಕ್ಕೆ, ಏಳು ವರ್ಷದ ಮಕ್ಕಳ ಬ್ಯಾಚ್. "ಅಣ್ಣಾ, ಕಂಬಿ ಬಿಡಿ, ಏನಾಗಲ್ಲ" ಅಂತ ಒಂದು ಪುಟ್ಟಿ ದಿನಾ ಧೈರ್ಯ ಹೇಳ್ತಾಳೆ. ಇವತ್ತು ಬಿಟ್ಟೆ. ಹನ್ನೊಂದು ಸೆಕೆಂಡ್ ತೇಲಿದೆ, ಅವಳೇ ಎಣಿಸಿದ್ದು.

ನಿಮ್ಮಲ್ಲೂ ಯಾರಿಗಾದ್ರೂ ಈಜು ಬರಲ್ವಾ? ಬನ್ನಿ ಮಾರಾಯ್ರೇ. ಆ ಬ್ಯಾಚಲ್ಲಿ ಮೀಸೆ ಇರೋನು ನಾನೊಬ್ಬನೇ.