ಸಂಬಳದ ಚೀಟಿಯ ಇನ್ನೂರು ರೂಪಾಯಿ

ಮುಂಬಯಿಯಲ್ಲಿ ಸಂಬಳ ತಗೊಳ್ಳೋರಿಗೆಲ್ಲ ಈ ಕಡಿತ ಗೊತ್ತಿದ್ದದ್ದೇ. ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300, ವರ್ಷಕ್ಕೆ 2500. ವೃತ್ತಿ ತೆರಿಗೆ! ಆದಾಯ ತೆರಿಗೆಗೆ ಗೋಳಾಡುವ ನಾವು ಇದನ್ನು ಕಣ್ಣೆತ್ತಿಯೂ ನೋಡೋದಿಲ್ಲ. ಇದು ಯಾಕೆ ಹುಟ್ಟಿತು ಅಂತ ನಮ್ಮ ಡೊಂಬಿವಲಿ ಸೊಸೈಟಿಯಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ.

1972ರ ಬರದಲ್ಲಿ ನನಗೆ ಆರು ವರ್ಷ. ಇಂಡಿ ತಾಲೂಕಿನ ನಮ್ಮ ಹಳ್ಳಿಯಿಂದ ಅವ್ವ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದಳು. ಕೆಲಸ ಇದ್ದ ದಿನ ರೊಟ್ಟಿ, ಇಲ್ಲದ ದಿನ ಬರೀ ಅಂಬಲಿ. ನಾಳೆ ಕೆಲಸ ಇದೆಯೋ ಇಲ್ಲವೋ ಅಂತ ಕೇಳೋ ಹಕ್ಕು ಯಾರಿಗೂ ಇರಲಿಲ್ಲ. ಸಾಹೇಬರು ಕೊಟ್ಟರೆ ಉಂಟು.

ಭೀಮಾ ಹೊಳೆ ದಾಟಿದರೆ ಸೊಲ್ಲಾಪುರ ಜಿಲ್ಲೆ. ಅದೇ ಬಿಸಿಲು, ಅದೇ ಬಿಳಿಜೋಳ. ಆದರೆ ಅಲ್ಲಿ ಕೆಲಸ ಕೇಳೋದು ಹಕ್ಕಾಯಿತು. ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ. ಸ. ಪಾಗೆ ಅವರು 1965ರಲ್ಲೇ ಸಾಂಗ್ಲಿ ಜಿಲ್ಲೆಯ ವಿಸಾಪುರದಲ್ಲಿ ಇದರ ಪ್ರಯೋಗ ಮಾಡಿದ್ದರು. ಬರದ ನಂತರ ಅದು ರಾಜ್ಯಕ್ಕೆಲ್ಲ ಹಬ್ಬಿತು. 1977ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆಯಾಗಿ 1979ರ ಜನವರಿ 26ರಿಂದ ಜಾರಿಗೆ ಬಂತು. ದುಡ್ಡು ಎಲ್ಲಿಂದ ಅಂತೀರಾ? ಅದಕ್ಕೇ 1975ರ ಈ ವೃತ್ತಿ ತೆರಿಗೆ. ಪಟ್ಟಣದವರ ಪಾಲು ಎಷ್ಟೋ ಸರಕಾರದ ಪಾಲೂ ಅಷ್ಟೇ.

ಪಕ್ಕದ ಫ್ಲಾಟಿನವರಿಗೆ ಇದನ್ನ ಹೇಳಿದರೆ, "ನಮ್ಮ ದುಡ್ಡಲ್ಲಿ ಸೋಮಾರಿಗಳನ್ನ ಸಾಕೋದಾ?" ಅಂದರು. ಮೇ ತಿಂಗಳ ಬಿಸಿಲಲ್ಲಿ ಮಣ್ಣು ಹೊರೋಕೆ ಯಾವ ಸೋಮಾರಿ ಹೋಗ್ತಾನೆ ಸ್ವಾಮಿ? ಬಡವ ಅಂತ ಪ್ರಮಾಣಪತ್ರ ಬೇಡ, ಪಟ್ಟಿ ಬೇಡ. ಬೇರೆ ದಾರಿ ಇದ್ದವನು ಅಲ್ಲಿಗೆ ಬರೋದೇ ಇಲ್ಲ. ಯೋಜನೆಯ ಜಾಣತನ ಇರೋದೇ ಇಲ್ಲಿ. ಹಾಗಂತ ಎಲ್ಲ ಸರಿಯಿತ್ತು ಅಂತಲ್ಲ. 1988ರಲ್ಲಿ ಕೂಲಿ ದುಪ್ಪಟ್ಟಾದ ಮೇಲೆ ಕೆಲಸ ಕೊಡೋದೇ ಕಡಿಮೆಯಾಯಿತು. ಖಾತ್ರಿ ಕಾಗದದಲ್ಲಿ ಉಳಿದ ಊರುಗಳೂ ಇದ್ದವು.

2005ರಲ್ಲಿ ದೇಶಕ್ಕೆಲ್ಲ 100 ದಿನಗಳ ಕಾಯ್ದೆ ಬಂತು. ನಮ್ಮ ಬಿಜಾಪುರಕ್ಕೆ ತಲುಪಿದ್ದು 2008ರಲ್ಲಿ. ಹೊಳೆ ದಾಟೋಕೆ ಮೂವತ್ತು ವರ್ಷ ಹಿಡೀತು ನೋಡಿ... ಅವ್ವ ಅಷ್ಟರಲ್ಲಿ ಇರಲಿಲ್ಲ. ಅತ್ತಿಗೆ ಮಾತ್ರ ಜಾಬ್ ಕಾರ್ಡ್ ಮಾಡಿಸಿ ಬದುವಿನ ಕೆಲಸಕ್ಕೆ ಹೋದಳು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಬೇರೊಂದನ್ನು ತಂದಿತು. ದಿನ 125, ಆದರೆ ಖರ್ಚಿನಲ್ಲಿ ಕರ್ನಾಟಕದಂಥ ರಾಜ್ಯಗಳ ಪಾಲು ನೂರಕ್ಕೆ 40. ಅತ್ತಿಗೆ ಫೋನ್ ಮಾಡಿ, "ದಿನಾ ಹೆಚ್ಚಾದ್ವು ಅಂತಾರಲ್ಲೋ, ಕೆಲ್ಸಾನೂ ಹೆಚ್ಚಾಗ್ತದೇನು?" ಅಂತ ಕೇಳಿದಳು. ಆ ನಲವತ್ತನ್ನ ಬೆಂಗಳೂರು ಎಲ್ಲಿಂದ ತರುತ್ತೆ ಅನ್ನೋದರ ಮೇಲಿದೆ ಅತ್ತಿಗೆ, ಅಂದೆ.